ಅಮೆರಿಕದಿಂದ ಬಂದ ಮಂಡಿನೋವಿನ ಡಬ್ಬಿ

ತಿಪಟೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ದೇವರಗೂಡಿನ ಪಕ್ಕಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಡಲ್ಲಾಸಿನಲ್ಲಿರುವ ಅಣ್ಣ ಊರಿಗೆ ಬರುವಾಗಲೆಲ್ಲ ಬಾದಾಮಿ, ಚಾಕೊಲೇಟುಗಳ ಜೊತೆ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವ ಡಬ್ಬಿ ಅದು. ಒಳಗಿರುವುದು ಮಂಡಿನೋವಿಗೆಂದು ಮಾರುವ ಗ್ಲುಕೋಸಮೈನ್ ಮಾತ್ರೆ, ಬಿಡಿಸದ ಕಡಲೆಕಾಯಿಯಷ್ಟು ದಪ್ಪ. ಬೆಳಿಗ್ಗೆ ಪೂಜೆ ಮುಗಿಸಿ, ಕಾಫಿಗೆ ಮುಂಚೆ ಎರಡು ಮಾತ್ರೆ ನುಂಗುವುದು ದೊಡ್ಡಮ್ಮನ ಮೂರು ವರ್ಷದ ಪದ್ಧತಿ. "ಇದು ಶುರು ಮಾಡ್ದಾಗಿಂದ ಮೆಟ್ಲು ಹತ್ತೋಕಾಗ್ತಿದೆ ಕಣೋ" ಎಂದು ಬೀದಿಗೆಲ್ಲ ಹೇಳಿದ್ದಾರೆ. ಪಕ್ಕದ ಮನೆಯವರು ಅದೇ ನಮೂನೆಯದನ್ನು ಇಲ್ಲಿನ ಮೆಡಿಕಲ್ ಶಾಪಿನಿಂದ ತರಿಸಿ ಶುರು ಹಚ್ಚಿಕೊಂಡಿದ್ದಾರೆ.

ಕಳೆದ ಸಲ ಹೋದಾಗ ಕನ್ನಡಕ ಏರಿಸಿ ಆ ಡಬ್ಬಿಯ ಮೇಲಿದ್ದದ್ದನ್ನೆಲ್ಲ ಓದಿದೆ. ಓದಿದ ಮೇಲೆ ಎರಡು ಸಂಗತಿ ತಲೆಯಲ್ಲಿ ಕೊರೆಯತೊಡಗಿದವು. ಒಂದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು, ಈ ಬರಹಕ್ಕೆ ಕಾರಣವಾದದ್ದು: ದೊಡ್ಡಮ್ಮನ ನೋವು ಕಡಿಮೆಯಾಗಿರುವುದು ನಿಜ. ಆದರೆ ಕಡಿಮೆ ಮಾಡಿದ್ದು ಆ ಮಾತ್ರೆಯೇನಾ?

ಮೊದಲು ಮಂಡಿಯೊಳಗೆ ಒಂದು ಸುತ್ತು ಹಾಕಿ ಬರೋಣ. ತೊಡೆಮೂಳೆಯ ತುದಿಗೂ ಕಣಕಾಲಿನ ಮೂಳೆಯ ತಲೆಗೂ ನುಣುಪಾದ ಹೊದಿಕೆಯಿರುತ್ತದೆ. ಪುಸ್ತಕದಲ್ಲಿ ಮೃದ್ವಸ್ಥಿ, ಡಾಕ್ಟರ ಬಾಯಲ್ಲಿ ಕಾರ್ಟಿಲೇಜ್. ಅದರ ಬಹುಪಾಲು ನೀರು. ಆ ನೀರನ್ನು ಹಿಡಿದಿಡುವುದು ಕೊಲಾಜೆನ್ ಎಂಬ ನಾರಿನ ಬಲೆ ಮತ್ತು ಅದರೊಳಗೆ ಸಿಕ್ಕಿಕೊಂಡಿರುವ, ಕಾಂಡ್ರಾಯ್ಟಿನ್‌ನಂಥ ಸಕ್ಕರೆ ಜಾತಿಯ ಉದ್ದನೆಯ ಅಣುಗಳು. ಈ ಅಣುಗಳನ್ನು ಕಟ್ಟುವ ಸಾಮಾನುಗಳಲ್ಲಿ ಗ್ಲುಕೋಸಮೈನ್ ಒಂದು. ಡಬ್ಬಿ ಮಾರುವವರ ಇಡೀ ತರ್ಕ ಇಷ್ಟೇ: ಮಂಡಿಯಲ್ಲಿ ಇದು ಸವೆದಿದೆ, ಆದ್ದರಿಂದ ಇದನ್ನೇ ತಿನ್ನಿ.

ಕೇಳಲು ಸರಿಯೆನಿಸುತ್ತದೆ. ಹಾಗಂತ ತಲೆಗೂದಲು ಉದುರಿದವರು ಕೂದಲು ತಿನ್ನುವುದಿಲ್ಲ. ಕಾರ್ಟಿಲೇಜಿನ ಜೀವಕೋಶಗಳು ತಮಗೆ ಬೇಕಾದ ಗ್ಲುಕೋಸಮೈನನ್ನು ಗ್ಲುಕೋಸಿನಿಂದ ತಾವೇ ತಯಾರಿಸಿಕೊಳ್ಳುತ್ತವೆ, ಎಂದರೆ ನಾವು ತಿಂದ ಅನ್ನ ಮುದ್ದೆಯಿಂದಲೇ. ಕೊಲಾಜೆನ್ ಪುಡಿಯ ಕಥೆಯೂ ಹೀಗೇ. ಹೊಟ್ಟೆಗೆ ಹೋದ ಮೇಲೆ ಅದು ಉಳಿದೆಲ್ಲ ಪ್ರೋಟೀನಿನಂತೆ ತುಂಡಾಗುತ್ತದೆ. ಆ ತುಂಡುಗಳಿಗೆ "ಮಂಡಿಗೆ ಹೋಗಿ" ಎಂದು ಯಾರೂ ವಿಳಾಸ ಬರೆದಿರುವುದಿಲ್ಲ. ಜೊತೆಗೆ ಕಾರ್ಟಿಲೇಜಿನಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ನರವಿಲ್ಲ ಎಂದರೆ ಅಲ್ಲಿಂದ ನೋವು ಹುಟ್ಟುವುದಿಲ್ಲ. ನೋಯುವುದು ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯುಗಳ ಬುಡ. ಎಕ್ಸ್‌ರೇಯಲ್ಲಿ ಮಂಡಿ ಪೂರಾ ಸವೆದಂತೆ ಕಂಡವರು ಗದ್ದೆಯಲ್ಲಿ ಕೆಲಸ ಮಾಡಿಕೊಂಡಿರುವುದೂ, ಫಿಲ್ಮಿನಲ್ಲಿ ಏನೂ ಕಾಣದವರು ನರಳುವುದೂ ಇದರಿಂದಲೇ.

ತರ್ಕ ಸೋತಿತು ಎಂದಮಾತ್ರಕ್ಕೆ ಮಾತ್ರೆ ಸೋತಂತೆ ಅಲ್ಲ ಅನ್ನಿ. ಎಷ್ಟೋ ಔಷಧಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ತಿಳಿಯುವ ಮುಂಚೆಯೇ ಕೆಲಸ ಮಾಡಿ ತೋರಿಸಿವೆ. ಹಾಗಾಗಿ ಕೊಟ್ಟು ನೋಡಬೇಕು. ತೊಡಕು ಶುರುವಾಗುವುದೇ ಈ "ಕೊಟ್ಟು ನೋಡುವ" ಕಡೆಯಿಂದ.

ಕಪ್ಪೆ ಮದುವೆಯ ಲೆಕ್ಕ

ಮಳೆ ಕೈಕೊಟ್ಟಾಗ ನಮ್ಮ ಹಳ್ಳಿಗಳಲ್ಲಿ ಕಪ್ಪೆಗೆ ಮದುವೆ ಮಾಡುತ್ತಾರೆ. ಮದುವೆ ಮಾಡುವುದು ಯಾವಾಗ? ಮಳೆ ಚೆನ್ನಾಗಿ ಬರುತ್ತಿರುವಾಗ ಅಲ್ಲ. ಕಾದು ಕಾದು, ನೆಲ ಬಿರಿದು, ಇನ್ನು ತಡೆಯುವುದಕ್ಕಾಗದು ಎಂಬ ಹೊತ್ತಿಗೆ. ಅಷ್ಟು ಹೊತ್ತಿಗೆ ಮಳೆಗಾಲವೂ ಬಾಗಿಲಿಗೆ ಬಂದಿರುತ್ತದೆ. ಮದುವೆಯಾದ ವಾರದಲ್ಲಿ ಎರಡು ಹನಿ ಬಿದ್ದರೆ ಪುಣ್ಯ ಕಪ್ಪೆಯದು.

ಮಂಡಿನೋವಿನದೂ ಇದೇ ಜಾಡು. ಸವೆತದ ನೋವು ದಿನಾ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ. ಮದುವೆ ಮನೆಯಲ್ಲಿ ಎರಡು ದಿನ ನಿಂತು ಓಡಾಡಿದರೆ ಏರುತ್ತದೆ, ಹದಿನೈದು ದಿನಕ್ಕೆ ತಾನಾಗಿ ತಗ್ಗುತ್ತದೆ. ಜನ ಡಬ್ಬಿ ಕೊಳ್ಳುವುದು, ಡಾಕ್ಟರ ಹತ್ತಿರ ಹೋಗುವುದು, ಪತ್ರಿಕೆಯ ಜಾಹೀರಾತಿನ ನಂಬರಿಗೆ ಫೋನ್ ಮಾಡುವುದು ನೋವು ತುದಿಗೇರಿದ ದಿನ. ತುದಿಯಿಂದ ಮುಂದಕ್ಕೆ ಇಳಿಜಾರೇ ಜಾಸ್ತಿ. ಆ ದಿನ ಗ್ಲುಕೋಸಮೈನ್ ಬದಲು ಉಪ್ಪಿನಕಾಯಿ ಶುರು ಮಾಡಿದ್ದರೂ ತಿಂಗಳಲ್ಲಿ ಗುಣ ಕಾಣುವ ಸಂಭವ ಬಹಳವಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಇಲ್ಲಿ ಕಾಗೆ ಟೊಂಗೆ ಬಿರುಕು ಬಿಡುವುದನ್ನು ಕಾದು ನೋಡಿಯೇ ಬಂದು ಕೂರುತ್ತದೆ.

2006ರ ಚಿಕೂನ್‌ಗುನ್ಯಾ ನೆನಪಿರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಮನೆಮನೆಯಲ್ಲೂ ಕೈಕಾಲು ಹಿಡಿದುಕೊಂಡು ಗೋಡೆ ಆತುಕೊಂಡು ನಡೆಯುವವರು. ಆ ಕೀಲುನೋವು ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾನಾಗಿ ಇಳಿಯುವಂಥದು, ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಕಾಡುವಂಥದು. ತಾನಾಗಿ ಇಳಿಯುವ ನೋವು ಎಂದರೆ ಯಾವ ಔಷಧಿಗಾದರೂ ಸುಗ್ಗಿ. ಕಷಾಯ ಕುಡಿದವರು ಕಷಾಯದಿಂದ ವಾಸಿಯಾದರು, ಇಂಜೆಕ್ಷನ್ ಚುಚ್ಚಿಸಿಕೊಂಡವರು ಇಂಜೆಕ್ಷನ್ನಿನಿಂದ, ಎಣ್ಣೆ ತಿಕ್ಕಿಸಿಕೊಂಡವರು ಎಣ್ಣೆಯಿಂದ. ಏನೂ ಮಾಡದೆ ವಾಸಿಯಾದವರು ಯಾರಿಗೂ ಏನೂ ಹೇಳಲಿಲ್ಲ, ಅವರ ಹತ್ತಿರ ಹೇಳಿಕೊಳ್ಳಲು ಒಂದು ಹೆಸರೂ ಇರಲಿಲ್ಲ.

ಆದ್ದರಿಂದ ಯಾವುದೇ ಮಂಡಿಮಾತ್ರೆಗೆ ಕೇಳಬೇಕಾದ ಪ್ರಶ್ನೆ "ಇದರಿಂದ ಎಷ್ಟು ಜನಕ್ಕೆ ಗುಣವಾಯಿತು" ಎಂಬುದಲ್ಲ. "ತಗೊಳ್ಳದವರಿಗಿಂತ ಎಷ್ಟು ಹೆಚ್ಚು ಜನಕ್ಕೆ ಗುಣವಾಯಿತು" ಎಂಬುದು.

ನೂರರಲ್ಲಿ ಅರವತ್ತು

ಈ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಕೇಳಿದ ಪರೀಕ್ಷೆಯೊಂದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ದುಡ್ಡು ಹಾಕಿ ನಡೆಸಿದ್ದು, ಗೇಟ್ ಎಂಬ ಹೆಸರಿನದು. 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. ಮಂಡಿ ಸವೆತದ 1,583 ಮಂದಿಯನ್ನು ಚೀಟಿ ಎತ್ತಿದ ಹಾಗೆ ಐದು ಗುಂಪು ಮಾಡಿದರು. ಒಂದಕ್ಕೆ ದಿನಕ್ಕೆ 1,500 ಮಿಲಿಗ್ರಾಂ ಗ್ಲುಕೋಸಮೈನ್, ಒಂದಕ್ಕೆ 1,200 ಮಿಲಿಗ್ರಾಂ ಕಾಂಡ್ರಾಯ್ಟಿನ್, ಒಂದಕ್ಕೆ ಎರಡೂ, ಒಂದಕ್ಕೆ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ, ಇನ್ನೊಂದಕ್ಕೆ ನೋಡಲು ಮಾತ್ರೆಯಂತೆಯೇ ಇರುವ, ಒಳಗೆ ಔಷಧಿಯೇ ಇಲ್ಲದ ಸೋಗಿನ ಮಾತ್ರೆ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. 24 ವಾರ ಬಿಟ್ಟು, ನೋವು ಕನಿಷ್ಠ ಶೇ 20ರಷ್ಟು ಇಳಿದವರು ಎಷ್ಟು ಎಂದು ಎಣಿಸಿದರು.

ಗ್ಲುಕೋಸಮೈನ್ ತಗೊಂಡವರಲ್ಲಿ ಶೇ 64. ಇಲ್ಲಿಗೆ ನಿಲ್ಲಿಸಿದರೆ ಅದ್ಭುತ ಜಾಹೀರಾತು: "ಮೂವರಲ್ಲಿ ಇಬ್ಬರಿಗೆ ಪರಿಹಾರ." ಕಾಂಡ್ರಾಯ್ಟಿನ್ ಶೇ 65.4, ಎರಡೂ ಸೇರಿದರೆ ಶೇ 66.6. ಈಗ ಸೋಗಿನ ಮಾತ್ರೆಯವರನ್ನು ನೋಡಿ: ಶೇ 60.1. ಏನೂ ಇಲ್ಲದ ಮಾತ್ರೆ ನುಂಗಿದ ನೂರರಲ್ಲಿ ಅರವತ್ತು ಮಂದಿಗೆ ನೋವು ಇಳಿದಿತ್ತು! ಅವರ ಮತ್ತು ಗ್ಲುಕೋಸಮೈನಿನವರ ನಡುವಿನ ಅಂತರ ಬರೀ ಅದೃಷ್ಟದಿಂದಲೂ ಬರಬಹುದಾದಷ್ಟು ಸಣ್ಣದು. ಸೋಗಿನ ಮಾತ್ರೆಯನ್ನು ಲೆಕ್ಕಕ್ಕೆ ಸಿಗುವಷ್ಟು ಹಿಂದೆ ಹಾಕಿದ್ದು ಸೆಲೆಕಾಕ್ಸಿಬ್ ಒಂದೇ, ಅದೂ ಶೇ 70.1ರಲ್ಲಿ.

ನಮ್ಮ ದೊಡ್ಡಮ್ಮ ಆ ಅರವತ್ತರಲ್ಲಿ ಒಬ್ಬರೋ, ಅದರಾಚೆಯ ನಾಲ್ಕರಲ್ಲಿ ಒಬ್ಬರೋ? ಅವರನ್ನು ನೋಡಿ ಹೇಳಲಾಗದು. ಅವರಿಗೂ ಗೊತ್ತಾಗದು.

ಇದೇ ಗೇಟ್ ಪರೀಕ್ಷೆಯ ಒಂದು ತುಣುಕನ್ನು ಮಾರುವವರು ಇವತ್ತಿಗೂ ಎತ್ತಿ ಹಿಡಿಯುತ್ತಾರೆ. ನೋವು ಹೆಚ್ಚಿದ್ದ 354 ಮಂದಿಯನ್ನಷ್ಟೇ ಬೇರೆ ತೆಗೆದು ನೋಡಿದರೆ, ಎರಡೂ ಸೇರಿಸಿ ತಗೊಂಡವರಲ್ಲಿ ಶೇ 79.2, ಸೋಗಿನವರಲ್ಲಿ ಶೇ 54.3. ದೊಡ್ಡ ಅಂತರವೇ. ಆದರೆ 354ನ್ನು ಐದಕ್ಕೆ ಹಂಚಿದರೆ ಗುಂಪಿಗೆ ಎಪ್ಪತ್ತು ಚಿಲ್ಲರೆ ಮಂದಿ. ಇಷ್ಟು ಸಣ್ಣ ಗುಂಪಿನಲ್ಲಿ, ನೋವು ಇಳಿಸುತ್ತದೆಂದು ಗೊತ್ತಿರುವ ಸೆಲೆಕಾಕ್ಸಿಬ್ ಕೂಡ ಪಾಸಾಗಲಿಲ್ಲ. ಅಳತೆಗೋಲೇ ಅಲ್ಲಾಡುತ್ತಿದೆ ಎಂಬುದಕ್ಕೆ ಇನ್ನೇನು ಬೇಕು? ಆಮೇಲೆ ಸ್ಪೇನಿನಲ್ಲಿ, ನೋವು ಹೆಚ್ಚಿರುವ 164 ಮಂದಿಯನ್ನೇ ಆರಿಸಿಕೊಂಡು ಇದೇ ಜೋಡಿಯನ್ನು ಕೊಟ್ಟು ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಜೋಡಿ ಮಾತ್ರೆಯವರಲ್ಲಿ ನೋವು ಶೇ 19ರಷ್ಟು ಇಳಿದಿತ್ತು, ಸೋಗಿನ ಮಾತ್ರೆಯವರಲ್ಲಿ ಶೇ 33ರಷ್ಟು.

ಇಲ್ಲಿ ಒಂದು ತಕರಾರನ್ನು ಕೇಳಿಸಿಕೊಳ್ಳಲೇಬೇಕು. ಗೇಟ್‌ನಲ್ಲಿ ಬಳಸಿದ್ದು ಗ್ಲುಕೋಸಮೈನ್ ಹೈಡ್ರೋಕ್ಲೋರೈಡ್ ಎಂಬ ರೂಪ. ಯುರೋಪಿನಲ್ಲಿ ಡಾಕ್ಟರು ಬರೆದುಕೊಡುವುದು ಗ್ಲುಕೋಸಮೈನ್ ಸಲ್ಫೇಟಿನ ಹರಳುಪುಡಿ. 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ, 212 ಮಂದಿಯ ಮೂರು ವರ್ಷದ ಪರೀಕ್ಷೆಯಲ್ಲಿ ಸಲ್ಫೇಟು ಸೋಗಿನ ಮಾತ್ರೆಗಿಂತ ಮುಂದಿತ್ತು. ಹೌದು, ಇತ್ತು. ಆದರೆ ಆ ಪರೀಕ್ಷೆಗೆ ಬೆನ್ನಾಗಿ ನಿಂತದ್ದು ಅದನ್ನು ತಯಾರಿಸುವ ಕಂಪನಿ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 10 ಪರೀಕ್ಷೆಗಳ 3,803 ಮಂದಿಯ ಲೆಕ್ಕವನ್ನು ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು ಹೀಗೆ: ನೋವನ್ನು 10 ಸೆಂಟಿಮೀಟರಿನ ಗೆರೆಯ ಮೇಲೆ ಗುರುತು ಮಾಡಿಸಿದರೆ, ಸೋಗಿನ ಮಾತ್ರೆಗಿಂತ ಗ್ಲುಕೋಸಮೈನ್ ಇಳಿಸಿದ್ದು 0.4 ಸೆಂಟಿಮೀಟರ್, ಕಾಂಡ್ರಾಯ್ಟಿನ್ 0.3, ಎರಡೂ ಸೇರಿ 0.5. ರೋಗಿಗೆ ವ್ಯತ್ಯಾಸವೆಂದು ಅನುಭವಕ್ಕೆ ಬರಬೇಕಾದರೆ ಕನಿಷ್ಠ 0.9 ಬೇಕು ಎಂದು ಅವರು ಮೊದಲೇ ಗೆರೆ ಹಾಕಿಕೊಂಡಿದ್ದರು. ಕಂಪನಿಯ ದುಡ್ಡಿಲ್ಲದ ಪರೀಕ್ಷೆಗಳಲ್ಲಿ ಅಂತರ ಇನ್ನೂ ಸಣ್ಣದಾಗಿ ಬಂದಿತ್ತು.

ಈ 0.9ನ್ನು ನೆನಪಿನಲ್ಲಿಡಿ. "ಸಂಶೋಧನೆಯಲ್ಲಿ ಸಾಬೀತಾಗಿದೆ" ಎಂದು ಬರೆದಿರುವ ಎಷ್ಟೋ ಡಬ್ಬಿಗಳ ಒಳಗಿರುವುದು ಲೆಕ್ಕದಲ್ಲಿ ಕಾಣುವ, ಮೆಟ್ಟಿಲ ಮೇಲೆ ಕಾಣದ ವ್ಯತ್ಯಾಸ. ಅಮೆರಿಕದ ಕೀಲುರೋಗ ತಜ್ಞರ ಸಂಘ 2019ರ ತನ್ನ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಗ್ಲುಕೋಸಮೈನೂ ಬೇಡ, ಕಾಂಡ್ರಾಯ್ಟಿನೂ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಅಣ್ಣ ಡಬ್ಬಿ ಕೊಳ್ಳುವ ದೇಶದ ತಜ್ಞರೇ ಹೇಳಿದ ಮಾತಿದು.

ಅರಿಶಿನ, ಮೆಣಸು, ಬೆಂಗಳೂರು

"ಅದೆಲ್ಲ ವಿದೇಶಿ ಮಾತ್ರೆ, ನಮ್ಮ ಅರಿಶಿನ ಹಾಗಲ್ಲ" ಎನ್ನುವವರಿದ್ದಾರೆ. ಅರಿಶಿನದ ವಿಷಯ ನಿಜಕ್ಕೂ ಸ್ವಲ್ಪ ಬೇರೆಯೇ.

ಅರಿಶಿನದ ಪುಡಿಯಲ್ಲಿ, ನೋವಿಗೆ ಕೆಲಸ ಮಾಡುತ್ತದೆನ್ನುವ ಕರ್ಕ್ಯುಮಿನ್ ಎಂಬ ಅಂಶ ಇರುವುದು ಹೆಚ್ಚುಕಡಿಮೆ ಶೇ 3. ಶೇ 95ರ ಸಾರ ತುಂಬಿದ 500 ಮಿಲಿಗ್ರಾಮಿನ ಒಂದು ಕ್ಯಾಪ್ಸೂಲ್ ಎಂದರೆ ಹದಿನೈದು ಗ್ರಾಂ ಪುಡಿಗೆ ಸಮ. ಸಾರಿಗೆ ಹಾಕುವ ಚಿಟಿಕೆಗೂ ಇದಕ್ಕೂ ಎಲ್ಲಿಯ ಸಂಬಂಧ? "ಅಜ್ಜಿ ಕಾಲದಿಂದ ತಿಂದಿದ್ದೇವೆ, ಏನೂ ಆಗಿಲ್ಲ" ಎಂಬ ಮಾತು ಚಿಟಿಕೆಗೆ ಒಪ್ಪುತ್ತದೆ, ಕ್ಯಾಪ್ಸೂಲಿಗಲ್ಲ.

ಇಷ್ಟು ತಿಂದರೂ ಕರ್ಕ್ಯುಮಿನ್ ರಕ್ತಕ್ಕೆ ಇಳಿಯುವುದು ಬಹಳ ಕಷ್ಟ. ಕರುಳು ಮತ್ತು ಪಿತ್ತಜನಕಾಂಗ ಅದನ್ನು ಬಂದ ಹಾಗೇ ಮಾರ್ಪಡಿಸಿ ಹೊರಗೆ ಕಳಿಸುತ್ತವೆ. ಇದಕ್ಕೆ ಉಪಾಯ ಸಿಕ್ಕಿದ್ದು ಬೆಂಗಳೂರಿನಲ್ಲಿ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಬಂದ ಲೇಖನವೊಂದು, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಮನುಷ್ಯರಲ್ಲಿ ಅದು ರಕ್ತಕ್ಕೆ ಸಿಗುವ ಪ್ರಮಾಣ ಶೇ 2,000ದಷ್ಟು ಏರುತ್ತದೆ ಎಂದು ತೋರಿಸಿತು. ಇವತ್ತು ಜಗತ್ತಿನ ಯಾವ ಮೂಲೆಯ ಅರಿಶಿನದ ಡಬ್ಬಿ ತಿರುಗಿಸಿ ನೋಡಿದರೂ "ಕರಿಮೆಣಸಿನ ಸಾರ ಸೇರಿದೆ" ಎಂದಿದ್ದರೆ ಅದರ ಬೇರು ಈ ಲೇಖನದಲ್ಲಿದೆ. ಸೊನ್ನೆಗೆ ಹತ್ತಿರದ ಮಟ್ಟದಿಂದ ಇಪ್ಪತ್ತು ಪಟ್ಟು ಎಂದರೆ ಎಷ್ಟು ಎಂಬುದು ಬೇರೆ ಮಾತು. ಏರಿಕೆಯ ನಂತರವೂ ರಕ್ತದಲ್ಲಿರುವುದು ಕಿಂಚಿತ್ತೇ.

ಆದರೆ ಪೈಪರಿನ್ ಬಾಗಿಲು ತೆರೆಯುವುದು ಕರ್ಕ್ಯುಮಿನ್‌ಗೆ ಮಾತ್ರವಲ್ಲ. ಮೈಯಿಂದ ಔಷಧಿಗಳನ್ನು ಹೊರಗೆ ಕಳಿಸುವ ಕಾವಲುಗಾರನನ್ನೇ ಅದು ಮಲಗಿಸುತ್ತದೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಮುಂತಾದವುಗಳ ಮಟ್ಟ ಇದರಿಂದ ರಕ್ತದಲ್ಲಿ ಏರುವುದನ್ನು ಅಳೆದು ನೋಡಿದ್ದಾರೆ. ಸಾರಕ್ಕೆ ಅಂಟಿಕೊಂಡ ಇನ್ನೊಂದು ಚಿಂತೆ ಪಿತ್ತಜನಕಾಂಗದ್ದು. ಅರಿಶಿನದ ಕ್ಯಾಪ್ಸೂಲ್ ತಗೊಂಡ ಕೆಲವರಲ್ಲಿ ಕಾಮಾಲೆ ಕಾಣಿಸಿಕೊಂಡ ಪ್ರಕರಣಗಳು ಇಟಲಿ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದಾಖಲಾಗಿ, 2023ರಲ್ಲಿ ಆಸ್ಟ್ರೇಲಿಯಾದ ಔಷಧ ನಿಯಂತ್ರಕರು ಜನರಿಗೆ ಎಚ್ಚರಿಕೆ ಕೊಟ್ಟರು. ಇದು ಅಪರೂಪ. ಆದರೂ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಮೊದಲು ನಿಲ್ಲಿಸಬೇಕಾದದ್ದು ಈ ಕ್ಯಾಪ್ಸೂಲನ್ನು.

ಹಾಗಾದರೆ ನೋವಿಗೆ? ಥಾಯ್ಲೆಂಡಿನಲ್ಲಿ 367 ಮಂದಿಗೆ ನಾಲ್ಕು ವಾರ ಅರಿಶಿನದ ಸಾರ ಅಥವಾ ಐಬುಪ್ರೊಫೇನ್ ಕೊಟ್ಟು ನೋಡಿ, ಎರಡೂ ಸರಿಸಮ ಎಂದರು. ಖುಷಿಪಡುವ ಮುಂಚೆ ಅದೇ ಹಳೆಯ ಪ್ರಶ್ನೆ: ಯಾವುದಕ್ಕೆ ಹೋಲಿಸಿದರು? ಅಲ್ಲಿ ಸೋಗಿನ ಮಾತ್ರೆಯ ಗುಂಪೇ ಇರಲಿಲ್ಲ. ನೂರರಲ್ಲಿ ಅರವತ್ತು ಮಂದಿ ಏನಿಲ್ಲದೆಯೂ ಚೇತರಿಸಿಕೊಳ್ಳುವ ಕಾಯಿಲೆಯಲ್ಲಿ ಆ ಗುಂಪು ಇಲ್ಲದಿದ್ದರೆ ತಕ್ಕಡಿಗೆ ಮುಳ್ಳೇ ಇಲ್ಲದಂತೆ. 2020ರಲ್ಲಿ ಟಾಸ್ಮೇನಿಯಾದಲ್ಲಿ ಸೋಗಿನ ಮಾತ್ರೆ ಇಟ್ಟುಕೊಂಡೇ 70 ಮಂದಿಯಲ್ಲಿ 12 ವಾರ ನೋಡಿದರು. ನೂರು ಮಿಲಿಮೀಟರಿನ ಗೆರೆಯಲ್ಲಿ ಅರಿಶಿನದ ಸಾರ ಸುಮಾರು 9 ಮಿಲಿಮೀಟರ್ ಹೆಚ್ಚು ಇಳಿಸಿತು. ಕೀಲಿನೊಳಗಿನ ನೀರಾಗಲಿ ಕಾರ್ಟಿಲೇಜಾಗಲಿ ಬದಲಾಗಲಿಲ್ಲ. ಸರಿಯಾಗಿ ಆ 0.9ರ ಗೆರೆಯ ಮೇಲೆ ಬಂದು ನಿಂತಿದೆ ನೋಡಿ. ಈ ಡಬ್ಬಿಗಳ ಸಾಲಿನಲ್ಲಿ ಒಂದಕ್ಕೆ ಅನುಮಾನದ ಲಾಭ ಕೊಡಬೇಕೆಂದರೆ ನಾನು ಅರಿಶಿನಕ್ಕೆ ಕೊಟ್ಟೇನು, ಅದೂ ಬೇರೆ ಮಾತ್ರೆ ನುಂಗದವರಿಗೆ. ಶಲ್ಲಕಿ ಎಂಬ ಮರದ ಅಂಟಿನ ಸಾರವೂ ಇದೇ ಸಾಲಿನದು. ನಾಗ್ಪುರದ 2003ರ ಪರೀಕ್ಷೆಯಿಂದ ಹಿಡಿದು ಹಲವು ಕಡೆ ಒಳ್ಳೆಯ ಫಲಿತಾಂಶ ಕಂಡಿದೆ, ಆದರೆ ಆ ನಾಗ್ಪುರದ ಪರೀಕ್ಷೆಯಲ್ಲಿದ್ದವರು 30 ಮಂದಿ. ಮೂವತ್ತು ಮಂದಿಯ ಮೇಲೆ ಮನೆ ಕಟ್ಟಬಾರದು.

ಡಿ ವಿಟಮಿನ್, ಕ್ಯಾಲ್ಸಿಯಂಗಳ ಬಗ್ಗೆ ಎರಡೇ ಮಾತು. ಅವು ಮೂಳೆಗೆ, ಸವೆತದ ನೋವಿಗಲ್ಲ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ತುಂಬಿಕೊಳ್ಳಲೇಬೇಕು, ಕೊರತೆಯೇ ಮೈಕೈ ನೋವು ತರಬಲ್ಲದು. ಇಲ್ಲದ ಕೊರತೆಯನ್ನು ತುಂಬುವುದರಿಂದ ಮಂಡಿಗೆ ಲಾಭವಿಲ್ಲ.

ಮೂರೇ ದಿನಕ್ಕೆ ನೋವು ಮಾಯವಾದರೆ

ಇಷ್ಟು ಹೊತ್ತು ಕೆಲಸ ಮಾಡದ ಮಾತ್ರೆಗಳ ಮಾತಾಯಿತು. ನನಗೆ ಅದಕ್ಕಿಂತ ಹೆದರಿಕೆ ಬಹಳ ಚೆನ್ನಾಗಿ ಕೆಲಸ ಮಾಡುವವುಗಳದ್ದು. ಗ್ಲುಕೋಸಮೈನ್ ಪರವಾಗಿರುವವರು ಕೂಡ ಗುಣ ಕಾಣಲು ವಾರಗಟ್ಟಲೆ ಬೇಕು ಎನ್ನುತ್ತಾರೆ. ಅಂಥದ್ದರಲ್ಲಿ "ಶುದ್ಧ ಗಿಡಮೂಲಿಕೆ"ಯ ಪುಡಿಯೊಂದು ಮೂರನೇ ದಿನಕ್ಕೇ ಮಂಡಿಯನ್ನು ಹಗುರ ಮಾಡಿ, ಹಸಿವು ಹೆಚ್ಚಿಸಿ, ಮುಖಕ್ಕೆ ಕಳೆ ತಂದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿದೆಯೆಂದು ಶಂಕಿಸಲೇಬೇಕು. ಮುಖಕ್ಕೆ ಬಂದದ್ದು ಕಳೆಯಲ್ಲ, ಬಾವು. 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಆರ್ಟ್ರಿ ಕಿಂಗ್, ಆರ್ಟ್ರಿ ಆಹೋ ಕಿಂಗ್ ಎಂಬ ಕೀಲುನೋವಿನ ಸಪ್ಲಿಮೆಂಟುಗಳನ್ನು ಪರೀಕ್ಷಿಸಿದಾಗ, ಲೇಬಲ್ಲಿನಲ್ಲಿ ಇಲ್ಲದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡೂ ಸಿಕ್ಕವು. ನಮ್ಮೂರುಗಳಲ್ಲಿ ಪೊಟ್ಟಣ ಕಟ್ಟಿಕೊಡುವವರ ಪುಡಿಗಂತೂ ಲೇಬಲ್ಲೇ ಇರುವುದಿಲ್ಲ.

ಇಂಥದ್ದನ್ನು ತಿಂಗಳುಗಟ್ಟಲೆ ತಗೊಂಡವರು ಹೆದರಿ ಒಂದೇ ಏಟಿಗೆ ನಿಲ್ಲಿಸುವುದೂ ಅಪಾಯ. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸಿಬಿಟ್ಟಿರುತ್ತದೆ. ಪೊಟ್ಟಣವನ್ನೇ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಬೈಸಿಕೊಳ್ಳುವುದು ಇದ್ದೇ ಇದೆ.

ಇನ್ನೊಂದು ತಪ್ಪು ಇದಕ್ಕಿಂತ ಮಾಮೂಲಿನದು: ಸವೆತವೇ ಅಲ್ಲದ ಕಾಯಿಲೆಗೆ ಸವೆತದ ಮಾತ್ರೆ ನುಂಗುತ್ತ ಕೂರುವುದು. ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆಯಾದರೂ ಬೆರಳು ಮಡಿಸಲಾಗದೆ, ಎರಡೂ ಕೈಯ ಸಣ್ಣ ಕೀಲುಗಳು ಬಾತುಕೊಂಡಿದ್ದರೆ ಅದು ಮೈಯ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಇರಬಹುದು. ಅಲ್ಲಿ ಕಳೆದ ಪ್ರತಿ ತಿಂಗಳಿಗೂ ಕೀಲು ಬೆಲೆ ತೆರುತ್ತದೆ. ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಕೆಂಡವಾದರೆ ಯೂರಿಕ್ ಆಮ್ಲ ನೋಡಿಸಬೇಕು. ಜ್ವರದ ಜೊತೆ ಒಂದೇ ಕೀಲು ಬಿಸಿಯಾಗಿ ಊದಿದರೆ ಅದೇ ದಿನ ಆಸ್ಪತ್ರೆ. ಪಾವಗಡದ ಕಡೆಯವರಾದರೆ ಕುಡಿಯುವ ನೀರಿನಲ್ಲಿ ಹೆಚ್ಚಿದ್ದು ಮೂಳೆ ಕೀಲುಗಳನ್ನು ಕೆಡಿಸುವ ಫ್ಲೋರೈಡನ್ನು ಮರೆಯುವಂತಿಲ್ಲ. ಸಾಗರ ತಾಲ್ಲೂಕಿನ, ಕೀಲುಗಳನ್ನು ಕೆಡಿಸುವ ಹಂದಿಗೋಡು ಕಾಯಿಲೆಯಂತೂ ವಂಶದಲ್ಲಿ ಹರಿದು ಬರುವಂಥದು. ಇವು ಯಾವುದಕ್ಕೂ ಆ ಡಬ್ಬಿಯಲ್ಲಿ ಉತ್ತರವಿಲ್ಲ.

ಲೇಬಲ್ಲಿನ ಸಣ್ಣಕ್ಷರ

ಡಬ್ಬಿ ಕೈಯಲ್ಲಿ ಹಿಡಿದಾಗ ಮುಂಭಾಗ ಬಿಟ್ಟು ಹಿಂಭಾಗ ಓದಬೇಕು. ಮುಂದೆ "1,500 ಮಿಲಿಗ್ರಾಂ" ಎಂದಿರುತ್ತದೆ. ಹಿಂದೆ ನೋಡಿದರೆ ಅದು ಒಂದು ಮಾತ್ರೆಯದಲ್ಲ, ಒಂದು ಸರ್ವಿಂಗಿನದು, ಸರ್ವಿಂಗ್ ಎಂದರೆ ಎರಡೋ ಮೂರೋ ಮಾತ್ರೆ. ತಿಂಗಳ ಖರ್ಚು ಅಲ್ಲಿಗೇ ದುಪ್ಪಟ್ಟು. ಹತ್ತು ಮೂಲಿಕೆಗಳ ಹೆಸರು ಬರೆದು ಎಲ್ಲಕ್ಕೂ ಸೇರಿ ಒಂದೇ ತೂಕ ಹಾಕಿದ್ದರೆ ಕೆಳಗಿಡಿ. ಯಾವುದು ಎಷ್ಟಿದೆ ಎಂದು ಹೇಳದವರು, ಪರೀಕ್ಷೆಯಲ್ಲಿ ಬಳಸಿದಷ್ಟು ಹಾಕಿದ್ದಾರೆಂದು ನಂಬುವುದು ಹೇಗೆ? ಕಾಂಡ್ರಾಯ್ಟಿನ್ ದುಬಾರಿ ಮಾಲು, ಅದರಲ್ಲಿ ಕೈ ಬಿಗಿ ಹಿಡಿಯುವವರು ಜಾಸ್ತಿ. ಸಲ್ಫೇಟಿಗೆ ಸೇರಿಸುವ ಉಪ್ಪಿನ ತೂಕವನ್ನೂ ಔಷಧಿಯ ತೂಕದಲ್ಲಿ ತೋರಿಸುವುದುಂಟು.

ನಮ್ಮ ಮಾಲಿನ ಮೇಲೆ ಎಫ್‌ಎಸ್‌ಎಸ್‌ಎಐ, ಎಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರು ಇರುತ್ತದೆ. ಜನ ಅದನ್ನು ಸರ್ಕಾರದ ಶಿಫಾರಸು ಅಂದುಕೊಳ್ಳುತ್ತಾರೆ. ಅದು ಹೇಳುವುದು ತಯಾರಕನಿಗೆ ಲೈಸೆನ್ಸ್ ಇದೆ ಎಂದಷ್ಟೇ. ನೋವು ಇಳಿಸುತ್ತದೆಂದು ಯಾರೂ ಪರೀಕ್ಷೆ ಮಾಡಿ ಠಸ್ಸೆ ಒತ್ತಿಲ್ಲ. ಹಾಗೆ ನೋಡಿದರೆ ಆಹಾರದ ಪಟ್ಟಿಗೆ ಸೇರಿದ ಈ ಡಬ್ಬಿಗಳ ಮೇಲೆ "ಔಷಧೀಯ ಬಳಕೆಗಲ್ಲ" ಎಂದು ಬರೆಯಬೇಕೆಂಬ ನಿಯಮವನ್ನೇ 2016ರಲ್ಲಿ ಮಾಡಿದರು. ಕಾನೂನಿನ ಕಣ್ಣಿಗೆ ಇದು ಒಂದು ಬಗೆಯ ತಿನಿಸು. ಅಮೆರಿಕದಲ್ಲೂ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟು ಆಹಾರದ ಪೈಕಿ; ಮಾರುವ ಮುಂಚೆ ಕೆಲಸ ಮಾಡುತ್ತದೆಂದು ತೋರಿಸಬೇಕಾಗಿಲ್ಲ, "ಯಾವುದೇ ರೋಗವನ್ನು ಗುಣಪಡಿಸಲು ಉದ್ದೇಶಿಸಿಲ್ಲ" ಎಂಬ ಸಾಲು ಹಾಕಿದರಾಯಿತು. ಹಾಕಿರುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ.

ಮೆಡಿಕಲ್ ಶಾಪಿನವರ ಮುಂದೆ ಮರೆಯದೆ ಆಡಬೇಕಾದ ಮಾತು ಒಂದಿದೆ. ಹಾರ್ಟಿಗೋ ಪಾರ್ಶ್ವವಾಯುವಿಗೋ ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತಗೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ. ಗ್ಲುಕೋಸಮೈನ್ ಸೇರಿದ ಮೇಲೆ ವಾರ್ಫರಿನ್ ತಗೊಳ್ಳುವವರಲ್ಲಿ ರಕ್ತ ಇನ್ನೂ ತೆಳುವಾದ ವರದಿಗಳಿವೆ.

ಕ್ಯಾಲೆಂಡರಿನ ಅಂಕಿ

ಇಷ್ಟು ಹೇಳಿದ ಮೇಲೂ "ನನಗೆ ಗುಣ ಕಾಣಿಸಿದೆಯಲ್ಲ" ಎನ್ನುವವರಿಗೆ ಒಂದು ಮನೆಪರೀಕ್ಷೆ ಇದೆ. ದೊಡ್ಡಮ್ಮನಿಗೆ ಮಾಡಿಸಿದ್ದೂ ಅದನ್ನೇ. ನಿತ್ಯ ಮಾಡುವ ಎರಡು ಕೆಲಸ ಆರಿಸಿಕೊಂಡರು: ಮಹಡಿಯ ಮೆಟ್ಟಿಲು ಹತ್ತುವುದು, ತುಳಸಿಕಟ್ಟೆಯ ಮುಂದೆ ಬಗ್ಗಿ ಏಳುವುದು. ರಾತ್ರಿ ಮಲಗುವ ಮುಂಚೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ, ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ. ಮಾತ್ರೆ ಇರುವ ಎರಡು ತಿಂಗಳು, ಡಬ್ಬಿ ಖಾಲಿಯಾದ ಮೇಲೆ ಎರಡು ತಿಂಗಳು. ಇದು ಗೇಟ್ ಪರೀಕ್ಷೆಯಲ್ಲ. ತಗೊಂಡದ್ದು ಬಿಟ್ಟದ್ದು ಅವರಿಗೆ ಗೊತ್ತಿತ್ತು. ಆದರೂ ನೆನಪನ್ನು ನಂಬುವುದಕ್ಕಿಂತ ಮೇಲು. ಮಾತ್ರೆ ಇದ್ದಾಗಿನ ಅಂಕಿ ಬಹುತೇಕ 4, ಒಮ್ಮೊಮ್ಮೆ 3. ಇಲ್ಲದಾಗಲೂ ಅಷ್ಟೇ. ಮೊಮ್ಮಗಳ ನಾಮಕರಣದ ವಾರ ಮಾತ್ರ 7.

ಹಾಗಾದರೆ ಮೂರು ವರ್ಷದ ಹಿಂದೆ ಮೆಟ್ಟಿಲು ಹತ್ತುವಂತೆ ಮಾಡಿದ್ದು ಯಾವುದು? ಕೂತು ಲೆಕ್ಕ ಹಾಕಿದೆವು. ಡಬ್ಬಿ ಬಂದ ಬೇಸಿಗೆಯಲ್ಲೇ ಮನೆಗೆ ಕಮೋಡು ಹಾಕಿಸಿದ್ದರು. ನೆಲದ ಚಾಪೆ ಹೋಗಿ ಮಂಚ ಬಂದಿತ್ತು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳು ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ತೊಡೆ ಬಿಗಿಹಿಡಿಯುವ ವ್ಯಾಯಾಮ ಹೇಳಿಕೊಟ್ಟಿದ್ದಳು. ದೊಡ್ಡಮ್ಮ ಅದನ್ನು ಸಂಜೆ ಧಾರಾವಾಹಿ ನೋಡುತ್ತ ಬಿಡದೆ ಮಾಡುತ್ತಿದ್ದರು. ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಆರು ಕೆಜಿ ಇಳಿದಿದ್ದರು. ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕೆಜಿ ಇಳಿಯುತ್ತದೆ ಎಂಬುದು ಅಮೆರಿಕದಲ್ಲಿ 2005ರಲ್ಲಿ ಅಳೆದು ನೋಡಿದ ಲೆಕ್ಕ. ಆರಕ್ಕೆ ಇಪ್ಪತ್ತನಾಲ್ಕು. ಅರ್ಧ ಮೂಟೆ ಸಿಮೆಂಟು! ಗ್ಲುಕೋಸಮೈನ್ ಬೇಡವೆಂದ ಆ 2019ರ ಮಾರ್ಗಸೂಚಿ ಬೇಕೇ ಬೇಕು ಎಂದದ್ದೂ ಇವನ್ನೇ: ವ್ಯಾಯಾಮ, ತೂಕ ಇಳಿಕೆ, ಊರುಗೋಲು, ಮಂಡಿಗೆ ಹಚ್ಚುವ ನೋವಿನ ಜೆಲ್. ಇವು ಯಾವುದಕ್ಕೂ ಡಲ್ಲಾಸಿನ ಸೂಟ್‌ಕೇಸನ್ನು ಕಾಯಬೇಕಾಗಿಲ್ಲ.

ಈಗ ಮೊದಲೇ ಹೇಳಿದ ಇನ್ನೊಂದು ಸಂಗತಿ. ನಮ್ಮ ದೊಡ್ಡಮ್ಮ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಗ್ಲುಕೋಸಮೈನ್ ಹೆಚ್ಚಾಗಿ ತಯಾರಾಗುವುದು ಸೀಗಡಿ, ಏಡಿಗಳ ಚಿಪ್ಪಿನಿಂದ. ಜೋಳವನ್ನು ಹುದುಗಿಸಿ ಮಾಡುವುದೂ ಉಂಟು, ಅದಾದರೆ ಡಬ್ಬಿಯ ಮೇಲೆ ಹೇಳಿಕೊಳ್ಳುತ್ತಾರೆ. ಕಾಂಡ್ರಾಯ್ಟಿನ್ ದನದ, ಹಂದಿಯ, ಶಾರ್ಕಿನ ಮೃದ್ವಸ್ಥಿಯಿಂದ. ಕೊಲಾಜೆನ್ ಹೆಚ್ಚುಕಡಿಮೆ ಯಾವತ್ತೂ ಪ್ರಾಣಿಯದೇ. ಇಲ್ಲಿನ ಡಬ್ಬಿಯಾದರೆ ಹಸಿರು ಚುಕ್ಕೆಯೋ ಕಂದು ತ್ರಿಕೋನವೋ ನೋಡಿ ತಿಳಿಯಬಹುದು. ಅಮೆರಿಕದ್ದರಲ್ಲಿ ಆ ಗುರುತಿಲ್ಲ. ಅಲರ್ಜಿಯವರಿಗೆಂದು ಬರೆದ ಸಾಲಿನಲ್ಲಿ "ಸೀಗಡಿ, ಏಡಿ" ಎಂದಿತ್ತು. ದೇವರಗೂಡಿನ ಪಕ್ಕ ಕೂತಿದ್ದ ಡಬ್ಬಿ! ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಕೊನೆಗೆ ಹೇಳಿದೆ.

"ಗೊತ್ತು ಕಣೋ. ನಿಮ್ಮಣ್ಣ ಮೊದ್ಲೇ ಹೇಳಿದ್ದ. ಔಷಧಿಗೆ ಮಡಿ ಮೈಲಿಗೆ ಇಲ್ಲ ಅಂತ ತಗೊಂಡೆ" ಎಂದರು.

"ಔಷಧಿ ಅಲ್ಲ ದೊಡ್ಡಮ್ಮ ಇದು. ಅವ್ರೇ ಬರ್ದಿದಾರೆ ನೋಡಿ" ಎಂದು ಆ ಇರುವೆ ಸಾಲನ್ನು ಓದಿ ಹೇಳಿದೆ.

ದೊಡ್ಡಮ್ಮ ಡಬ್ಬಿಯನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. "ಔಷಧಿ ಅಲ್ದೆ ಇದ್ರೆ ಮತ್ತಿನ್ನೇನು? ಊಟಾನಾ?"